ಶುಕ್ರವಾರ ಹೇಳದೆ ಉಳಿಸಿಕೊಂಡದ್ದು

ಪ್ರಿಯ ಗೆಳೆಯಾ,

ನೀನು ಹುಬ್ಬಳ್ಳಿಗೆ ಹೋದ ಮೇಲೆ ಶುಕ್ರವಾರದ ಸಭೆ ತಾನಾಗಿಯೇ ನಿಂತುಹೋಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ನಿಂತಿಲ್ಲ. ನಾಲ್ಕು ಗಂಟೆಗೆ ಲ್ಯಾಪ್‌ಟಾಪ್ ಮುಚ್ಚಿ ಸೇರುತ್ತೇವೆ, ಮನೆಯಿಂದ ಕೆಲಸ ಮಾಡುವವರು ಪರದೆಯ ಮೇಲೆ ಬರುತ್ತಾರೆ, ಪ್ರತಿಯೊಬ್ಬರೂ ಆ ವಾರದ ಎರಡು ಗೆಲುವು ಹೇಳುತ್ತಾರೆ. ಮೊದಲು ಮನೆಯದು, ಆಮೇಲೆ ಕಚೇರಿಯದು. ನೀನು ಹಾಕಿಕೊಟ್ಟ ಆ ಕ್ರಮವನ್ನು ಯಾರೂ ಬದಲಿಸಿಲ್ಲ. ಕಡಲೆಪುರಿ ಡಬ್ಬದ ಕೊನೆಯ ಹಿಡಿ ಯಾರದೆಂಬ ವ್ಯಾಜ್ಯವೂ ಹಾಗೆಯೇ ಇದೆ. ನೀನಿಲ್ಲದೆ ತೀರ್ಪು ಬೇಡವೆಂದು ಮುಂದೂಡಿದ್ದೇವೆ.

ನಿನಗೆ ತಕ್ಷಣ ಹೇಳಬೇಕಾದ ಸುದ್ದಿಯೆಂದರೆ, ನಮ್ಮ ಲೆಕ್ಕವನ್ನು ಕೆಡಿಸುತ್ತಿದ್ದ ದೋಷ, ಐದೂವರೆಯ ಭೂತ, ಸಿಕ್ಕಿಬಿತ್ತು. ಹಿಡಿದವನು ಹೊಸದಾಗಿ ಸೇರಿದ ಹಾಸನದ ಹುಡುಗ. ನಮ್ಮ ಸಾಫ್ಟ್‌ವೇರಿನಲ್ಲಿ ಬಿಲ್ ಮಾಡುವ ಔಷಧ ಮಳಿಗೆಗಳ ದಿನದ ಲೆಕ್ಕ ಕೆಲವು ಕಡೆ ಮಾತ್ರ ತಾಳೆಯಾಗುತ್ತಿರಲಿಲ್ಲವಲ್ಲ, ಆ ಮಳಿಗೆಗಳೆಲ್ಲ ಆಸ್ಪತ್ರೆಯ ಒಳಗಿನವು, ರಾತ್ರಿಯಿಡೀ ತೆರೆದಿರುವಂಥವು ಎಂಬುದನ್ನು ಅವನು ಮೊದಲು ಗಮನಿಸಿದ. ನಮ್ಮ ಸರ್ವರ್ ಯುಟಿಸಿ ಸಮಯದಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಅಳತೆಯ ಗಡಿಯಾರದಲ್ಲಿ, ನಡೆಯುತ್ತದೆ. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮಂಗಳವಾರ ನಸುಕಿನ ಎರಡು ಗಂಟೆಗೆ ಯಾರೋ ಕೊಂಡ ಇನ್ಸುಲಿನ್, ಸರ್ವರ್ ಪಾಲಿಗೆ ಸೋಮವಾರ ರಾತ್ರಿ ಎಂಟೂವರೆಯ ವ್ಯಾಪಾರ. ಸಮಯವನ್ನು ನಮ್ಮ ಗಡಿಯಾರಕ್ಕೆ ಹೊಂದಿಸುವ ಮೊದಲೇ ದಿನಾಂಕವನ್ನು ಕತ್ತರಿಸಿಕೊಳ್ಳುತ್ತಿದ್ದ ಒಂದೇ ಒಂದು ಸಾಲು ವರದಿಯ ಕೋಡಿನಲ್ಲಿ ಕುಳಿತಿತ್ತು. ಹುಡುಗ ಆ ಎರಡು ಹೆಜ್ಜೆಗಳನ್ನು ಅದಲುಬದಲು ಮಾಡಿದ, ಅಷ್ಟೆ. ಇದನ್ನು ಹೇಳುವಾಗ ಅವನ ಕಿವಿ ಕೆಂಪಗಾಗಿತ್ತು, ಕೈಗಳೆರಡೂ ಮೇಜಿನ ಕೆಳಗಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದಾಗ ಎಲ್ಲಿ ನೋಡಬೇಕೆಂದು ತಿಳಿಯದೆ ನನ್ನ ಕಡೆ ನೋಡಿದ. ನೀನು ಇರಬೇಕಿತ್ತು.

ಇಂಥ ಸಭೆ ಮಕ್ಕಳಾಟ ಎನ್ನುವವರು ನಮ್ಮಲ್ಲಿ ಇದ್ದರು, ನಿನಗೆ ಗೊತ್ತು. ಅವರಿಗೆ ಉತ್ತರ ಒಂದು ಅಧ್ಯಯನದಲ್ಲಿದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ತೆರೇಸಾ ಅಮಬಿಲೆ ಅವರು ಸ್ಟೀವನ್ ಕ್ರೇಮರ್ ಜೊತೆ ಸೇರಿ ಏಳು ಕಂಪನಿಗಳ 238 ಜನರಿಂದ ದಿನಚರಿ ಬರೆಸಿ, ಸುಮಾರು 12,000 ಬರಹಗಳನ್ನು ಪರಿಶೀಲಿಸಿದ್ದರು. ತನಗೆ ಅರ್ಥವಿದೆ ಎನಿಸುವ ಕೆಲಸದಲ್ಲಿ ಒಂದು ಹೆಜ್ಜೆ ಮುಂದೆ ಹೋದ ದಿನ ಮನಸ್ಸು ಹಿಗ್ಗುತ್ತದೆ, ಆ ಹೆಜ್ಜೆ ಪುಟ್ಟದಾದರೂ ಸಾಕು ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಆ ಹುಡುಗನ ಕಿವಿ ನೋಡಿದ ಮೇಲೆ ನನಗೆ ಇದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ.

ಆದರೆ ಈಚೆಗೆ ನನ್ನನ್ನು ಕಾಡುತ್ತಿರುವುದು ಬೇರೆ. ನಮ್ಮ ಕೆಲಸದಲ್ಲಿ ಏನೂ ಆಗದಂತೆ ನೋಡಿಕೊಂಡದ್ದೇ ಎಷ್ಟೋ ಸಲ ದೊಡ್ಡ ಗೆಲುವು. ಅದನ್ನು ಸಭೆಯಲ್ಲಿ ಹೇಳುವುದು ಹೇಗೆ? ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿಟ್ಟ ಹಳೆಯ ಪ್ರೋಗ್ರಾಮುಗಳನ್ನು 2000ನೇ ಇಸವಿ ಬರುವ ಮುನ್ನ ತಿದ್ದಲು ಜಗತ್ತಿನಾದ್ಯಂತ ಜನ ವರ್ಷಗಟ್ಟಲೆ ಕುಳಿತರು. ಆ ಕೆಲಸದಲ್ಲಿ ದೊಡ್ಡದೊಂದು ಪಾಲು ಭಾರತಕ್ಕೆ ಬಂತು, ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅದರಿಂದಲೇ ಮೊದಲ ಸಂಬಳ ಕಂಡವರಿದ್ದಾರೆ. ಜನವರಿ 1 ಹೆಚ್ಚು ಅನಾಹುತವಿಲ್ಲದೆ ಕಳೆಯಿತು. ಕೂಡಲೇ, ಇಷ್ಟೆಲ್ಲ ಗದ್ದಲ ಸುಳ್ಳಾಗಿತ್ತು ಎಂದು ಜನ ಆಡಿಕೊಂಡರು. ತಿದ್ದಿದವರ ಬೆವರು ಆ ಮಾತಿನ ಅಡಿಯಲ್ಲಿ ಮುಚ್ಚಿಹೋಯಿತು.

2024ರ ಮಾರ್ಚ್ 29, ಅದೂ ಒಂದು ಶುಕ್ರವಾರವೇ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೇರೇನನ್ನೋ ಅಳೆಯುತ್ತಿದ್ದಾಗ, ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ ಎಂಬುದನ್ನು ಗಮನಿಸಿ, ಬೆನ್ನುಹತ್ತಿ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಸಣ್ಣ ಸಾಫ್ಟ್‌ವೇರಿನಲ್ಲಿ ಯಾರೋ ಕದ್ದು ಒಳನುಗ್ಗಲು ಹಿಂಬಾಗಿಲು ಇಟ್ಟಿದ್ದಾರೆಂದು ಜಗತ್ತಿಗೆ ತಿಳಿಸಿದ. ಅದು ಲೆಕ್ಕವಿಲ್ಲದಷ್ಟು ಸರ್ವರ್‌ಗಳಿಗೆ ಇಳಿಯುವ ಮೊದಲೇ ತಡೆ ಬಿತ್ತು. ಅವನನ್ನು ಎಲ್ಲರೂ ಕೊಂಡಾಡಿದರು, ಕೊಂಡಾಡಬೇಕಾದದ್ದೇ. ನಾನು ಓದುತ್ತಾ ನಿಂತುಬಿಟ್ಟದ್ದು ಇನ್ನೊಬ್ಬನ ಬಳಿ. ಆ ಸಾಫ್ಟ್‌ವೇರನ್ನು ಬಹಳ ವರ್ಷ ಬಹುಮಟ್ಟಿಗೆ ಒಬ್ಬನೇ, ಸಂಬಳವಿಲ್ಲದೆ ನೋಡಿಕೊಂಡು ಬಂದವನು. 2022ರಲ್ಲಿ ಅವನು, ತನಗೆ ದೀರ್ಘಕಾಲದಿಂದ ಮಾನಸಿಕ ಆರೋಗ್ಯದ ತೊಂದರೆಯಿದೆ, ಹಾಗಾಗಿ ಹೆಚ್ಚು ಗಮನ ಕೊಡಲಾಗುತ್ತಿಲ್ಲ ಎಂದು ಎಲ್ಲರೂ ಓದುವಲ್ಲೇ ಬರೆದಿದ್ದ. ಆದರೂ ಕೆಲಸ ಬೇಗ ಸಾಗಲಿ, ಇನ್ನೊಬ್ಬರಿಗೆ ಹೊಣೆ ಕೊಡು ಎಂಬ ಒತ್ತಾಯ ನಿಲ್ಲಲಿಲ್ಲ. ನೆರವಿಗೆಂದು ಬಂದ ಖಾತೆಯೇ ಮುಂದೆ ಆ ಹಿಂಬಾಗಿಲನ್ನು ಇಟ್ಟಿತು. ದಣಿದಿದ್ದೇನೆ ಎಂದು ಬಾಯಿಬಿಟ್ಟು ಹೇಳಿದ ಮನುಷ್ಯನಿಗೆ, ಪರವಾಗಿಲ್ಲ, ಕೂತು ಸುಧಾರಿಸಿಕೋ ಎನ್ನುವ ಒಂದು ಮಾತು ಇನ್ನೂ ಗಟ್ಟಿಯಾಗಿ ಕೇಳಿಸಬೇಕಿತ್ತು.

ಹೋದ ಶುಕ್ರವಾರ ನನ್ನ ಸರದಿ ಬಂದಾಗ, ಬಾಲ್ಕನಿಯಲ್ಲಿ ಕನಕಾಂಬರ ಹೂಬಿಟ್ಟಿದೆ ಎಂದೆ. ಬಿಟ್ಟಿರುವುದು ನಿಜ, ಸಂತೋಷವೂ ನಿಜ. ಹೇಳದೆ ಉಳಿಸಿಕೊಂಡದ್ದನ್ನು ನಿನಗೆ ಹೇಳುತ್ತೇನೆ. ನಾನು ಆನ್‌ಕಾಲ್ ಸರದಿಯಿಂದ, ಅಂದರೆ ಏನಾದರೂ ಕೆಟ್ಟರೆ ಯಾವ ಹೊತ್ತಿನಲ್ಲೂ ಎದ್ದು ನೋಡಬೇಕಾದ ಪಾಳಿಯಿಂದ, ಹೊರಗೆ ಬಂದಿದ್ದೇನೆ, ನಾನೇ ಕೇಳಿಕೊಂಡು. ಏನೋ ಕೆಟ್ಟಿದೆ ಎಂದು ಫೋನಿಗೆ ಬರುವ ಅಲರ್ಟಿನ ಆ ದನಿ ಪಕ್ಕದ ಮನೆಯವರ ಮೊಬೈಲಿನಲ್ಲಿ ಕೇಳಿಸಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ತಂಗಿಯ ಮಗುವಿನ ನಾಮಕರಣದಲ್ಲಿ, ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೂ ನನ್ನ ಕೈ ಫೋನಿನ ಮೇಲೆಯೇ ಇತ್ತು. ಅದು ಅಲುಗದಿದ್ದರೂ ಅಲುಗಿದಂತೆ ಅನ್ನಿಸುತ್ತಿತ್ತು. ವೈದ್ಯರನ್ನು ಕಂಡೆ. ಆಮೇಲೆ ಮ್ಯಾನೇಜರ್ ಹತ್ತಿರ ಮಾತಾಡಲು ಕುಳಿತಾಗ ಎರಡನೇ ವಾಕ್ಯಕ್ಕೇ ಅಳು ಬಂತು. ಅವರು ಏನೂ ಕೇಳದೆ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿ, ಮೂರು ತಿಂಗಳು ಬೇಡ, ಆಮೇಲೆ ನೋಡೋಣ ಎಂದರು. ಆ ರಾತ್ರಿ ಬೆಳಗಿನ ಹಾಲಿನವನು ಗಂಟೆ ಒತ್ತುವವರೆಗೂ ಮಲಗಿದ್ದೆ. ಆ ವಾರ ನನ್ನ ಪಾಲಿಗೆ ಇದಕ್ಕಿಂತ ದೊಡ್ಡದು ಏನೂ ನಡೆದಿರಲಿಲ್ಲ.

ಇದನ್ನು ಸಭೆಯಲ್ಲಿ ಹೇಳಲು ನಾಲಿಗೆ ಹೊರಳಲಿಲ್ಲ. ನಾಚಿಕೆ ಒಂದು ಕಾರಣ ಇರಬಹುದು, ಮುಖ್ಯ ಕಾರಣ ಅದಲ್ಲ. ನಾನು ಬಿಟ್ಟ ರಾತ್ರಿಗಳು ಗಾಳಿಗೆ ಹೋಗುವುದಿಲ್ಲ. ಅವು ಹಾಸನದ ಹುಡುಗನ ಪಾಲಿಗೆ ಬಂದಿವೆ. ಮೇಜಿನ ಆಚೆ ಅವನು ಕುಳಿತಿರುವಾಗ ನನ್ನ ನಿದ್ದೆಯನ್ನು ಗೆಲುವು ಎಂದು ಹೇಗೆ ಕರೆಯಲಿ?

ಹಾಗಾಗಿ ಸಂಜೆಗಳಲ್ಲಿ ಕುಳಿತು ಅಲರ್ಟುಗಳ ಪಟ್ಟಿಯನ್ನು ಒಂದೊಂದಾಗಿ ತಿರುವಿಹಾಕುತ್ತಿದ್ದೇನೆ. ಡಿಸ್ಕ್ ಶೇಕಡಾ 80 ತುಂಬಿದೆ ಎಂದು ನಡುರಾತ್ರಿ ಕೂಗುವ ಅಲರ್ಟ್ ನೆನಪಿದೆಯೇ? ಅದು ಪೂರ್ತಿ ತುಂಬಲು ವಾರಗಳೇ ಬೇಕು. ಬೆಳಗ್ಗೆ ಹತ್ತಕ್ಕೆ ಒಂದು ಟಿಕೆಟ್, ಮಾಡಬೇಕಾದ ಕೆಲಸದ ಚೀಟಿ, ಬಂದರೆ ಧಾರಾಳವಾಯಿತು. ನೆಟ್‌ವರ್ಕ್ ತಡವರಿಸಿ ತಾನೇ ಚೇತರಿಸಿಕೊಳ್ಳುವ ಕಡೆಗಳಲ್ಲಿ ಇನ್ನೊಮ್ಮೆ ಪ್ರಯತ್ನಿಸಲು ಯಂತ್ರಕ್ಕೇ ಹೇಳಿದ್ದೇನೆ. ಮಳಿಗೆಯಲ್ಲಿ ಬಿಲ್ ಆಗುವುದು ನಿಂತರೆ ಮಾತ್ರ ಮನುಷ್ಯನನ್ನು ಎಬ್ಬಿಸಬೇಕು, ಉಳಿದದ್ದು ಬೆಳಕು ಹರಿಯಲಿ. ರಾತ್ರಿ ಎದ್ದವರಿಗೆ ಮರುದಿನ ರಜೆ ಕೊಡಬೇಕೆಂದು ಬರೆದುಕೊಟ್ಟಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ಕೇಳುತ್ತಲೇ ಇರುತ್ತೇನೆ. ಅವನ ಸರದಿಯ ವಾರದಲ್ಲಿ ಫೋನ್ ಎಷ್ಟು ಸಲ ಸುಮ್ಮನಿತ್ತು ಎಂದು ಯಾರೂ ಎಣಿಸುವುದಿಲ್ಲ. ನಾನು ಎಣಿಸುತ್ತೇನೆ.

ಪತ್ರ ಬರೆಯಲು ಕುಳಿತಾಗ ಭೂತದ ಸುದ್ದಿ ಮಾತ್ರ ಹೇಳಬೇಕೆಂದಿದ್ದೆ. ಎಲ್ಲರಿಗೂ ಕಾಣುವಲ್ಲಿ ಇದನ್ನು ಹಾಕುತ್ತಿರುವುದರಿಂದ ಹುಡುಗನೂ ಓದುತ್ತಾನೆ. ಓದಲಿ. ಓದಿ ಸೋಮವಾರ ನನ್ನನ್ನು ಕಾಫಿಗೆ ಕರೆದರೆ ದುಡ್ಡು ನಾನು ಕೊಡುತ್ತೇನೆ.

ಈಗ ನಿನ್ನ ವರದಿ ಬರಲಿ. ಮನೆಯದು ಮೊದಲು. ಅಪ್ಪನ ಕಣ್ಣಿನ ಶಸ್ತ್ರಚಿಕಿತ್ಸೆ ಆಯಿತೇ? ದಿನಾ ಉಣಕಲ್ ಕೆರೆಯ ದಂಡೆಯಲ್ಲಿ ನಡೆಯುತ್ತೇನೆ ಎಂದು ನಮ್ಮ ಎಂಟನೇ ಮಹಡಿಯ ಸಾಕ್ಷಿಯಾಗಿ ಶಪಥ ಮಾಡಿದ್ದೆ, ಅದರ ಲೆಕ್ಕ ಒಪ್ಪಿಸು. ಗಿರ್ಮಿಟ್ ತಿನ್ನಲು ನಡೆದುಹೋದದ್ದನ್ನು ಅದಕ್ಕೆ ಸೇರಿಸಬೇಡ, ಕೇಳಿದರೆ ನಿನ್ನ ಹೆಂಡತಿ ನನಗೆ ನಿಜ ಹೇಳುತ್ತಾಳೆ.

ನಿನ್ನ,
ಪಕ್ಕದ ಕುರ್ಚಿ