ಗೆಳೆಯನಿಗೊಂದು ಪತ್ರ: ಟ್ರ್ಯಾಕರನ್ನು ಮಾರುವ ಮೊದಲು

ಪೆರ್ಲ, ಕಾಸರಗೋಡು ಜಿಲ್ಲೆ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನೀಹಾರಿಕೆಯ ಚಿತ್ರಕ್ಕಾಗಿ ನಾಲ್ಕು ರಾತ್ರಿ ನಿದ್ದೆಗೆಟ್ಟರೂ ನಕ್ಷತ್ರಗಳು ಅಕ್ಕಿಕಾಳಿನಂತೆ ಉದ್ದುದ್ದವಾಗಿ ಮೂಡುತ್ತಿವೆ, ಆಕಾಶ ಸರಿದಂತೆ ಕ್ಯಾಮೆರಾವನ್ನು ತಿರುಗಿಸುವ ಈ ಟ್ರ್ಯಾಕರನ್ನು ಬಂದ ಬೆಲೆಗೆ ಮಾರಿಬಿಡುತ್ತೇನೆ ಎಂದು ಬರೆದಿದ್ದೀಯಾ. ದಯವಿಟ್ಟು ಅವಸರ ಮಾಡಬೇಡ. ಕಳೆದ ಧನುರ್ಮಾಸದಲ್ಲಿ ನಾನೂ ಇದೇ ನಿರ್ಧಾರಕ್ಕೆ ಬಂದಿದ್ದೆ. ಮಾರಿದ ಅಂಗಡಿಯವರನ್ನು ಕೇಳಿದಾಗ ಮೋಟಾರನ್ನೇ ಬದಲಿಸಬೇಕಾದೀತು ಎಂದಿದ್ದರು. ಆದರೆ ಮೋಟಾರಿನಲ್ಲಿ ಯಾವ ದೋಷವೂ ಇರಲಿಲ್ಲ.

ಮೊದಲು ನನಗೆ ಸಂಶಯ ಬಂದದ್ದು ಧ್ರುವ ನಕ್ಷತ್ರದ ಮೇಲೆ; ಟ್ರ್ಯಾಕರ್ ತಿರುಗುವ ಅಕ್ಷ ಬಹುಮಟ್ಟಿಗೆ ಅದರತ್ತಲೇ ಮುಖ ಮಾಡಿರಬೇಕು. ನಮ್ಮ ಊರು ಸುಮಾರು 12.6 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಧ್ರುವ ನಕ್ಷತ್ರ ದಿಗಂತದಿಂದ ಅಷ್ಟೇ ಮೇಲಿರುತ್ತದೆ. ನಮ್ಮ ಅಂಗಳದಿಂದ ನೋಡಿದರೆ ಅದು ಅಡಿಕೆ ತೋಟದ ಹಿಂದೆ ಪೂರ್ತಿ ಮರೆ. ಪದವಿನ (ಗುಡ್ಡದ ಮೇಲಿನ ಬಯಲಿನ) ಮೇಲೆ ಹೋದರೆ ಕಾಣುತ್ತದೆ, ಆದರೆ ಬ್ಯಾಟರಿ, ಟ್ರೈಪಾಡ್ ಎಲ್ಲವನ್ನೂ ಪ್ರತಿ ರಾತ್ರಿ ಹೊತ್ತುಕೊಂಡು ಗುಡ್ಡ ಹತ್ತುವುದು ಆಗುವ ಮಾತಲ್ಲ. ಆದ್ದರಿಂದ ಧ್ರುವವನ್ನು ನೋಡದೆಯೇ ಅಕ್ಷವನ್ನು ಸರಿಪಡಿಸುವ ಕ್ರಮವನ್ನು ಕಲಿತೆ. ಮಹಾವ್ಯಾಧನ ಸೊಂಟಪಟ್ಟಿಯಲ್ಲಿ ಮೊದಲು ಮೂಡುವ ಮಿಂಟಾಕಾ ನಕ್ಷತ್ರ ಆಕಾಶದ ವಿಷುವದ್ವೃತ್ತಕ್ಕೆ, ಅಂದರೆ ಭೂಮಧ್ಯರೇಖೆಯ ನೇರ ಮೇಲಿನ ವೃತ್ತಕ್ಕೆ, ಬಹಳ ಹತ್ತಿರದಲ್ಲಿದೆ. ಅದು ನೆತ್ತಿಯ ಮೇಲೆ ಹಾಯುವ ಉತ್ತರದಕ್ಷಿಣ ರೇಖೆಗೆ ಬಂದಾಗ ಕ್ಯಾಮೆರಾದ ಪರದೆಯಲ್ಲಿ ಹಿಗ್ಗಿಸಿ ಕೆಲವು ನಿಮಿಷ ನೋಡುತ್ತಿದ್ದರೆ, ಉತ್ತರಕ್ಕೋ ದಕ್ಷಿಣಕ್ಕೋ ಸರಿಯುವುದರಿಂದ ಅಕ್ಷ ಎಡಬಲಕ್ಕೆ ಎಷ್ಟು ತಪ್ಪಿದೆ ಎಂದು ತಿಳಿಯುತ್ತದೆ. ಆಮೇಲೆ ಪೂರ್ವದಲ್ಲಿ ಕೆಳಗಿರುವ ಇನ್ನೊಂದು ನಕ್ಷತ್ರದಿಂದ ಎತ್ತರವನ್ನು ಸರಿಪಡಿಸಬಹುದು. ಮುಕ್ಕಾಲು ಗಂಟೆ ಹಿಡಿಯುವ ಕೆಲಸವಾದರೂ ಫಲ ಖಚಿತ.

ಹಾಗೆ ಮಾಡಿದ ಮೇಲೂ ನಕ್ಷತ್ರಗಳು ಎಳೆದಂತೆಯೇ ಬಂದವು. ಆಗ ಒಂದು ಬೆಳಿಗ್ಗೆ ರಾತ್ರಿಯ ಚಿತ್ರಗಳನ್ನೆಲ್ಲ ತೆಗೆದ ಕ್ರಮದಲ್ಲಿಯೇ ಒಂದೊಂದಾಗಿ ನೋಡುತ್ತ ಹೋದೆ. ಪ್ರತಿಯೊಂದೂ 60 ಸೆಕೆಂಡಿನದು. ನಾಲ್ಕು ಚಿತ್ರಗಳಲ್ಲಿ ನಕ್ಷತ್ರಗಳು ಸಾಸಿವೆಯಂತೆ ದುಂಡಗೆ, ಮುಂದಿನ ಎರಡರಲ್ಲಿ ಪೂರ್ವಪಶ್ಚಿಮವಾಗಿ ಉದ್ದ, ಮತ್ತೆ ನಾಲ್ಕು ದುಂಡಗೆ. ಅಕ್ಷ ತಪ್ಪಿದ್ದರೆ ಎಲ್ಲ ಚಿತ್ರಗಳೂ ಒಂದೇ ಬಗೆಯಲ್ಲಿ ಕೆಡಬೇಕಿತ್ತು. ಹಲ್ಲುಗಾಲಿಯ ದೋಷವೆಂದು ಭಾವಿಸಿದರೆ ಅದಕ್ಕೂ ಲೆಕ್ಕವಿದೆ: ನನ್ನ ಟ್ರ್ಯಾಕರಿನ ದೊಡ್ಡ ಗಾಲಿಗೆ 144 ಹಲ್ಲುಗಳಿವೆ, ಅದು ಒಂದು ಸುತ್ತು ಮುಗಿಸಲು 23 ಗಂಟೆ 56 ನಿಮಿಷ ಬೇಕು, ಅಂದರೆ ಒಂದು ಹಲ್ಲಿಗೆ ಸುಮಾರು ಹತ್ತು ನಿಮಿಷ. ಗೇರ್ ಕೆಟ್ಟಿದ್ದರೆ ತೊಂದರೆ ಹತ್ತು ನಿಮಿಷಕ್ಕೊಮ್ಮೆ ಮರುಕಳಿಸಬೇಕು. ನನ್ನದು ಆರು ನಿಮಿಷಕ್ಕೊಮ್ಮೆ ಬರುತ್ತಿತ್ತು.

ಆರು ನಿಮಿಷದ ಆವರ್ತ ನನ್ನ ಸಲಕರಣೆಗಳಲ್ಲಿ ಒಂದೇ ಒಂದಕ್ಕಿತ್ತು. ನಮ್ಮ ಕಡೆಯ ಚಳಿಗಾಲದ ಇಬ್ಬನಿ ನಿನಗೆ ಗೊತ್ತಿದೆಯಲ್ಲ. ನಡುರಾತ್ರಿ ದಾಟಿದರೆ ಅಡಿಕೆ ಸೋಗೆಯಿಂದ ಮಳೆಹನಿಯಂತೆ ತೊಟ್ಟಿಕ್ಕುತ್ತದೆ, ಲೆನ್ಸು ಹತ್ತೇ ನಿಮಿಷದಲ್ಲಿ ಮಬ್ಬಾಗುತ್ತದೆ. ಅದಕ್ಕಾಗಿ 470 ಓಮ್‌ನ 15 ರೆಸಿಸ್ಟರುಗಳನ್ನು ಸಮಾಂತರವಾಗಿ ಬೆಸೆದು, ಬಟ್ಟೆಯ ಪಟ್ಟಿಯಲ್ಲಿ ಹೊಲಿದು, ಲೆನ್ಸಿಗೆ ಸುತ್ತಿದ್ದೆ. 12 ವೋಲ್ಟಿನಲ್ಲಿ ಅದು ನಾಲ್ಕೂವರೆ ವ್ಯಾಟಿನಷ್ಟು ಬಿಸಿ ಕೊಡುತ್ತದೆ. ಬ್ಯಾಟರಿ ಬೆಳಗಿನವರೆಗೆ ಬರಲಿ ಎಂದು ಚಿಕ್ಕ ಟೈಮರ್ ಹಾಕಿ ಎರಡು ನಿಮಿಷ ಬಿಸಿ, ನಾಲ್ಕು ನಿಮಿಷ ಬಿಡುವು ಎಂದು ಮಾಡಿದ್ದೆ. ಇಬ್ಬನಿಯಿಂದ ಲೆನ್ಸನ್ನು ಕಾಯಲು ಮಾಡಿದ ಪಟ್ಟಿಯೇ ನಕ್ಷತ್ರಗಳನ್ನು ಎಳೆಯುತ್ತಿತ್ತು!

ಮಲ್ಟಿಮೀಟರ್ ಹಿಡಿದು ನೋಡಿದೆ. ಬ್ಯಾಟರಿಯ ತುದಿಯಲ್ಲಿ 12.4 ವೋಲ್ಟ್, ಟ್ರ್ಯಾಕರಿನ ತುದಿಯಲ್ಲಿ 11.5, ಪಟ್ಟಿ ಬಿಸಿಯಾಗುವಾಗ 9.4. ಅಷ್ಟು ಕಡಿಮೆಯಾದಾಗ ಮೋಟಾರು ನಡುನಡುವೆ ಹೆಜ್ಜೆ ತಪ್ಪುತ್ತಿತ್ತು. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡು (ಒಂದು ಡಿಗ್ರಿಯ 3,600ನೆಯ ಒಂದು ಪಾಲು ಒಂದು ಆರ್ಕ್‌ಸೆಕೆಂಡು) ಸರಿಯುವುದರಿಂದ, ನನ್ನ 200 ಮಿ.ಮೀ. ಲೆನ್ಸಿನಲ್ಲಿ ಮೋಟಾರು ಒಂದೇ ಸೆಕೆಂಡು ನಿಂತರೂ ನಕ್ಷತ್ರ ಮೂರು ಪಿಕ್ಸೆಲಿಗಿಂತ ಹೆಚ್ಚು ಜರುಗುತ್ತದೆ. ಟ್ರ್ಯಾಕರಿಗೂ ಪಟ್ಟಿಗೂ ವಿದ್ಯುತ್ತು ಒಂದೇ ವಯರಿನಿಂದ ಹೋಗುತ್ತಿತ್ತು. ಅದರ ಪ್ಲಗ್ಗಿನ ಮುಚ್ಚಳ ಬಿಚ್ಚಿದಾಗ ಒಳಗಿನ ತಾಮ್ರದ ಎಳೆಗಳೆಲ್ಲ ಕಿಲುಬು ಹಿಡಿದು ಹಸಿರಾಗಿದ್ದವು, ಮುಟ್ಟಿದರೆ ಪುಡಿಯಾಗುತ್ತಿದ್ದವು. ಇಡೀ ವಯರಿನ ಭಾರವನ್ನು ಎರಡೇ ಎಳೆಗಳು ಹೊತ್ತಿದ್ದವು. ಆ ತುದಿಯನ್ನು ಕತ್ತರಿಸಿ, ಹೊಳೆಯುವ ತಾಮ್ರ ಬರುವವರೆಗೆ ಸಿಪ್ಪೆ ತೆಗೆದು, ಹೊಸ ಪ್ಲಗ್ ಬೆಸೆದು, ಪಟ್ಟಿಗೆ ಬೇರೆಯೇ ವಯರ್ ಎಳೆದೆ. ಖರ್ಚು ನೂರು ರೂಪಾಯಿಯನ್ನೂ ಮುಟ್ಟಲಿಲ್ಲ.

ಆ ರಾತ್ರಿ ತೆಗೆದ ಚಿತ್ರಗಳಲ್ಲಿ 81ನ್ನು ಒಂದರ ಮೇಲೊಂದು ಸೇರಿಸಿದೆ. 81 ಚಿತ್ರ ಸೇರಿದರೆ ಕಾಳುಕಾಳಾದ ಗೊಜಲು ಒಂಬತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ನೀಹಾರಿಕೆಯ ನಡುವಿನ ನಾಲ್ಕು ನಕ್ಷತ್ರಗಳ ಗುಂಪು ಬಿಳಿಚಿಕೊಳ್ಳದಂತೆ ಐದು ಸೆಕೆಂಡಿನ ಕೆಲವು ಚಿತ್ರಗಳನ್ನು ಬೇರೆಯಾಗಿ ತೆಗೆದು ಬೆರೆಸಿದೆ. ಸುಮಾರು 1,340 ಜ್ಯೋತಿರ್ವರ್ಷಗಳಾಚೆಯ ಆ ಅನಿಲದ ರೆಕ್ಕೆ ಪರದೆಯ ಮೇಲೆ ನಸುಗೆಂಪಾಗಿ ಬಿಚ್ಚಿಕೊಂಡಾಗ ಅಮ್ಮನನ್ನು ಎಬ್ಬಿಸಿ ತೋರಿಸಿದೆ. ಇದೇ ನೀಹಾರಿಕೆಯ ಮೊದಲ ಛಾಯಾಚಿತ್ರವನ್ನು ಹೆನ್ರಿ ಡ್ರೇಪರ್ 1880ರ ಸೆಪ್ಟೆಂಬರ್ 30ರಂದು ತೆಗೆದರು. ಗಡಿಯಾರದ ಯಂತ್ರದಿಂದ ತಿರುಗುವ ದೂರದರ್ಶಕದಲ್ಲಿ ಒಂದೇ ಫಲಕದ ಮೇಲೆ 51 ನಿಮಿಷ ಬೆಳಕು ಹಿಡಿದವರು ಅವರು. ನಮಗೆ ಬೇಕಾದದ್ದು ಒಮ್ಮೆಗೆ ಒಂದು ನಿಮಿಷ ಮಾತ್ರ.

ನೀನು ಕುಂಬಳೆಯಲ್ಲಿ ಕಡಲ ಗಾಳಿಗೇ ಮುಖ ಮಾಡಿ ಕುಳಿತಿರುವುದರಿಂದ ನಿನ್ನ ವಯರುಗಳ ಬಗ್ಗೆ ನನಗೆ ಇನ್ನೂ ಹೆಚ್ಚು ಸಂಶಯವಿದೆ. ಮೊದಲು ಚಿತ್ರಗಳನ್ನು ಕ್ರಮವಾಗಿ ನೋಡಿ, ಯಾವುದು ಕೆಟ್ಟಿದೆ, ಯಾವ ದಿಕ್ಕಿಗೆ ಎಳೆದಿದೆ, ಎಷ್ಟು ನಿಮಿಷಕ್ಕೊಮ್ಮೆ ಎಂದು ಕಾಗದದಲ್ಲಿ ಗುರುತು ಮಾಡಿಕೋ. ಕೆಲಸ ನಡೆಯುತ್ತಿರುವಾಗಲೇ ಟ್ರ್ಯಾಕರಿನ ತುದಿಯಲ್ಲಿ ವೋಲ್ಟೇಜ್ ಅಳೆ. ಸರಿಹೋಗದಿದ್ದರೆ ಮುಂದಿನ ಅಮಾವಾಸ್ಯೆಗೆ ಎಲ್ಲವನ್ನೂ ಕಟ್ಟಿಕೊಂಡು ಇಲ್ಲಿಗೇ ಬಾ. ಅಂಗಳದ ತುಂಬ ಅಡಿಕೆ ಒಣಹಾಕಿದೆ, ಆದರೂ ಎರಡು ಟ್ರೈಪಾಡಿಗೆ ಜಾಗ ಬಿಡಿಸಿ ಇಡುತ್ತೇನೆ.

ಇಂತು,
ನಿನ್ನ ಗೆಳೆಯ