ಮೊಳಕೆಕಾಳಿನ ಬೀಜಶುದ್ಧಿಯ ಕುರಿತು ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ,

ಮಾನ್ಯರೇ,

ಹನ್ನೊಂದು ವರ್ಷಗಳಿಂದ ಬೆಂಗಳೂರಿನಲ್ಲಿ ಹೆಸರುಕಾಳು, ಮಡಕೆಕಾಳು ಮೊಳಕೆ ಕಟ್ಟಿ ಅಂಗಡಿಗಳಿಗೆ ಕೊಟ್ಟು ಸಂಸಾರ ತೂಗಿಸುತ್ತಿರುವವಳು ನಾನು. ನೆನೆಹಾಕುವ ಮೊದಲೇ ಬೀಜವನ್ನು ಸೋಂಕುಮುಕ್ತಗೊಳಿಸುವ ಕ್ರಮವನ್ನು ನಮ್ಮಂಥ ಸಣ್ಣ ತಯಾರಕರಿಗೆ ಕಲಿಸಿ, ಆಮೇಲೆ ಅದನ್ನು ಕಡ್ಡಾಯ ಮಾಡಬೇಕೆಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ನಮ್ಮಜ್ಜಿ ಕಟ್ಟಿದ ಹುರುಳಿ ಮೊಳಕೆ ಸಾರಿನಲ್ಲಿ ಕುದಿದೇ ತಟ್ಟೆಗೆ ಬರುತ್ತಿತ್ತು. ಈಗ ಲಾಲ್‌ಬಾಗಿನಲ್ಲಿ ಬೆಳಗಿನ ನಡಿಗೆ ಮುಗಿಸಿದವರು ಹಸಿ ಮೊಳಕೆಗೆ ನಿಂಬೆರಸ ಹಿಂಡಿಸಿಕೊಂಡು ಅಲ್ಲೇ ತಿನ್ನುತ್ತಾರೆ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆ ಐವತ್ತಕ್ಕೂ ಹೆಚ್ಚು ಜನ ಬಲಿಯಾದರು. ತನಿಖೆಯ ಜಾಡು ಈಜಿಪ್ಟಿನಿಂದ ಬಂದ ಬೀಜದತ್ತ ಹೋಯಿತು. 2013ರಲ್ಲಿ ಐರೋಪ್ಯ ಒಕ್ಕೂಟ ಮೊಳಕೆಗೆಂದೇ ನಿಯಮ ತಂದಿತಾದರೂ ಅಲ್ಲಿ ಪರೀಕ್ಷೆಗೆ ಗೊತ್ತುಮಾಡಿದ್ದು ಬ್ಯಾಕ್ಟೀರಿಯಾಗಳನ್ನೇ.

ನನ್ನ ಚಿಂತೆಯಿರುವುದು ವೈರಸ್‌ಗಳ ಬಗ್ಗೆ. ಕಾಮಾಲೆ ತರುವ ಹೆಪಟೈಟಿಸ್ ಎ, ವಾಂತಿಭೇದಿ ತರುವ ನೊರೊವೈರಸ್‌ಗಳು ಕಾಳಿನ ಮೇಲೆ ಬೆಳೆಯುವುದಿಲ್ಲ, ಆದರೆ ಸುಮ್ಮನೆ ಕುಳಿತು ಬಹುದಿನ ಉಳಿಯುತ್ತವೆ. ನೂರಕ್ಕೂ ಕಡಿಮೆ ನೊರೊವೈರಸ್ ಕಣಗಳು ಹೊಟ್ಟೆ ಸೇರಿದರೂ ವಾಂತಿಭೇದಿಗೆ ಸಾಕು. ಕೊಳಚೆ ಬೆರೆತ ನೀರು ಹೊಲಕ್ಕೆ ಹರಿದಾಗಲೋ ಒಕ್ಕಣೆ ಮಾಡಿದವರ ಕೈಯಿಂದಲೋ ಅವು ಬೀಜಕ್ಕೆ ಅಂಟಬಹುದು. ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ತೇರ್ಗಡೆಯಾದ ಕಾಳಿನಲ್ಲೂ ವೈರಸ್ ಇರಬಹುದಾದ್ದರಿಂದ ಆ ವರದಿಯೊಂದನ್ನೇ ನಂಬಿ ಕೂರುವಂತಿಲ್ಲ.

ಕಾಳು ನೆನೆಹಾಕಿದ ಟಬ್ಬಿನಲ್ಲಿ ಸ್ವಲ್ಪ ಹೊತ್ತಿಗೆ ನೊರೆಯೇಳುತ್ತದೆ, ಒಡಕು ಕಾಳೂ ಸಿಪ್ಪೆಯೂ ತೇಲುತ್ತವೆ. ಒಂದು ಹಿಡಿ ಕಾಳಿಗೆ ಅಂಟಿದ್ದು ಆ ನೀರಿನಲ್ಲಿ ಇಡೀ ಟಬ್ಬಿಗೆ ಹರಡುತ್ತದೆ. 2024ರ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರೇ ಗತಿಯಾದಾಗ, ಆ ನೀರು ಎಲ್ಲಿಯದೆಂದು ತಿಳಿಯದೆ ಕಾಳು ನೆನೆಹಾಕಲು ನನಗೆ ಕೈ ಬರಲಿಲ್ಲ. ನಾಲ್ಕು ದಿನ ಕೆಲಸ ನಿಲ್ಲಿಸಿದೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1999ರ ಮಾರ್ಗಸೂಚಿಯಲ್ಲಿ ಬೀಜಶುದ್ಧಿಗೆ ಉದಾಹರಣೆಯಾಗಿ ಹೇಳಿದ್ದು 20,000 ಪಿಪಿಎಂ, ಅಂದರೆ ಸುಮಾರು ಶೇ 2ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಎಂಬ ಕ್ಲೋರಿನ್ ಪುಡಿಯ ದ್ರಾವಣ. ಕಣ್ಣು, ಗಂಟಲು ಉರಿಸುವಷ್ಟು ಕಟುವಾದ ಇದನ್ನು ಗಾಳಿಯಾಡುವ ಜಾಗದಲ್ಲಿ, ಕೈಗವಸು ತೊಟ್ಟೇ ಬಳಸಬೇಕು. ಕೊಳೆ ಕ್ಲೋರಿನ್ನಿನ ಬಲವನ್ನು ತಿಂದುಹಾಕುವುದರಿಂದ ಒಡಕು ಕಾಳು ಆರಿಸಿ, ಚೆನ್ನಾಗಿ ತೊಳೆದು ಆಮೇಲೆ ದ್ರಾವಣಕ್ಕೆ ಹಾಕಬೇಕು, ಕೊನೆಗೆ ಕುಡಿಯಲು ಯೋಗ್ಯವಾದ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಬೇಕು. ಇಷ್ಟು ಮಾಡಿದರೂ ಬಿರುಕಿನಲ್ಲಿ ಅಡಗಿದ ವೈರಸ್ ಪೂರ್ತಿ ಹೋಗುತ್ತದೆಂದು ಹೇಳಲಾಗದು, ಕಡಿಮೆಯಂತೂ ಆಗುತ್ತದೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಓದಿ ತಿಳಿಯುವಷ್ಟರಲ್ಲಿ ವರ್ಷಗಳೇ ಕಳೆದಿದ್ದವು.

ಆದ್ದರಿಂದ ತಾಲ್ಲೂಕು ಮಟ್ಟದಲ್ಲಿ ಮೊಳಕೆ ತಯಾರಕರಿಗೆ, ಸ್ತ್ರೀಶಕ್ತಿ ಸಂಘಗಳವರನ್ನೂ ಸೇರಿಸಿಕೊಂಡು, ಒಂದು ದಿನದ ತರಬೇತಿ ಕೊಡಿಸಿ. ಆಹಾರಕ್ಕೆ ಬಳಸಬಹುದಾದ ದರ್ಜೆಯ ಕ್ಲೋರಿನ್ ಪುಡಿಯೂ ಅದರ ಬಲ ಅಳೆಯುವ ಪಟ್ಟಿಗಳೂ ಕಡಿಮೆ ದರದಲ್ಲಿ ಸಿಗಲಿ. ವಾಂತಿಭೇದಿಯಾದವರು ಗುಣವಾದ ಮೇಲೂ 48 ಗಂಟೆ ಕಾಳು ಮುಟ್ಟಬಾರದೆಂಬ ನಿಯಮವಿರಲಿ; ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗದ ಕಾರಣ ಸೋಪು, ನೀರಿನಲ್ಲೇ ಕೈ ತೊಳೆಯಬೇಕೆಂದೂ ಅದರಲ್ಲಿ ಸೇರಲಿ. ಪೊಟ್ಟಣದ ಮೇಲೆ 'ಬೇಯಿಸಿ ತಿನ್ನಿ' ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಅಚ್ಚಾಗಲಿ. ಅದರಿಂದ ನನ್ನ ವ್ಯಾಪಾರ ಒಂದಿಷ್ಟು ಇಳಿದರೂ ನನ್ನ ಪೊಟ್ಟಣಗಳ ಮೇಲೆ ಅದನ್ನು ಮೊದಲು ಅಚ್ಚು ಹಾಕಿಸಲು ನಾನು ಸಿದ್ಧಳಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಮೊಳಕೆಕಾಳು ತಯಾರಿಸುವ ಒಬ್ಬ ಮಹಿಳೆ, ಬೆಂಗಳೂರು