ಸಾರ್, ಭವನ ಒಡೆಯೋಕೆ ಮುಂಚೆ ಇನ್ನೊಂದು ಲೆಕ್ಕ ಹಾಕ್ಸಿ: ನಮ್ಮ ಎಂಎಲ್‌ಎ ಸಾಹೇಬ್ರಿಗೊಂದು ಬಹಿರಂಗ ಪತ್ರ

ಎಂಎಲ್‌ಎ ಸಾಹೇಬ್ರಿಗೆ ನಮಸ್ಕಾರ.

ಹೋದ ಭಾನುವಾರ ನಮ್ಮ ಲೇಔಟಿನ ಹಳೇ ಸಮುದಾಯ ಭವನದ ಗೇಟಿಗೆ ಫ್ಲೆಕ್ಸ್ ಬಿದ್ದಿದೆ, ನಿಮ್ಮ ಫೋಟೋ ಪಕ್ಕದಲ್ಲೇ ಹೊಸ ಬಿಲ್ಡಿಂಗಿನ ಚಿತ್ರ, ಮುಂಭಾಗ ಪೂರ್ತಿ ನೀಲಿ ಗಾಜು, ಸೈಡಲ್ಲಿ ಎಸಿಪಿ ಅನ್ನೋ ಅಲ್ಯೂಮಿನಿಯಂ ಶೀಟು, ಒಟ್ಟು ಎರಡು ಫ್ಲೋರು. (ಬೆಂಗಳೂರಲ್ಲಿ ಫ್ಲೆಕ್ಸ್ ಬ್ಯಾನು ಅನ್ನೋದು ಬೇರೆ ವಿಷ್ಯ, ಇವತ್ತು ಅದು ಬೇಡ.) ಚಿತ್ರ ಚೆನ್ನಾಗೇ ಇದೆ, ಸುಳ್ಳು ಹೇಳಲ್ಲ. ಆದ್ರೆ ನಾನು ಹದಿನೈದು ವರ್ಷದಿಂದ ಎಸ್ಟಿಮೇಷನ್ನು, ಬಿಲ್ಲಿಂಗು ಅಂತ ಇದೇ ಲೈನಲ್ಲಿ ಇರೋಳು, ಬಿಲ್ಡಿಂಗ್ ಚಿತ್ರ ಕಂಡ್ರೆ ಕೈ ತಾನಾಗೇ ಕ್ಯಾಲ್ಕುಲೇಟರ್ ಕಡೆ ಹೋಗತ್ತೆ.

ಒಡೆಯೋದಕ್ಕೆ ಕಾರಣ ಕೇಳಿದ್ರೆ ಮಳೆಗಾಲದಲ್ಲಿ ಸೋರತ್ತೆ, ಟಾಯ್ಲೆಟ್ ಸಾಲಲ್ಲ, ಹಳೇ ಲುಕ್ಕು ಅಂತಾರೆ. ಸೋರತ್ತೆ, ನಿಜ. ನಮ್ಮಕ್ಕನ ಸೀಮಂತದಲ್ಲಿ ಎಲೆ ಹಾಕಿದ್ಮೇಲೆ ಬಕೆಟ್ ಇಟ್ಟಿದ್ದು ನಾನೇ. ಆದ್ರೆ ಸೋರ್ತಿರೋದು ಹೆಂಚು ಮತ್ತೆ ಹಿಂದ್ಗಡೆ ಆಮೇಲೆ ಸೇರಿಸಿದ ಮೋಲ್ಡು, ಸೈಜುಕಲ್ಲಿನ ಗೋಡೆ ಅಲ್ಲ. ಆ ಗೋಡೆಗೆ ಒಂದು ಕೂದಲೆಳೆ ಬಿರುಕಿಲ್ಲ, ಪಾಯ ಇಳಿದಿಲ್ಲ. ನೆಗಡಿ ಬಂತು ಅಂತ ಮೂಗೇ ಕೊಯ್ಕೊಳ್ಳೋದು ಅಂದ್ರೆ ಇದೇ ಸಾರ್.

ಬಿಲ್ಡಿಂಗಿಗೆ ರೂಪಾಯಿ ಲೆಕ್ಕದ ಜೊತೆ ಇನ್ನೊಂದು ಲೆಕ್ಕ ಇದೆ, ಲೈಫ್ ಸೈಕಲ್ ಅಸೆಸ್‌ಮೆಂಟ್ ಅಂತಾರೆ, ಎಲ್‌ಸಿಎ. ಕಲ್ಲು ಕ್ವಾರಿಯಿಂದ ಬರೋದು, ಸಿಮೆಂಟು ಸುಡೋದು, ಲಾರಿ ಓಡೋದು, ಕಟ್ಟೋದು, ಆಮೇಲೆ ಐವತ್ತು ವರ್ಷ ಕರೆಂಟು, ನೀರು, ರಿಪೇರಿ, ಕೊನೇಗೆ ಒಡೆದು ಡೆಬ್ರಿ ಸಾಗಿಸೋದು, ಇದೆಲ್ಲಾ ಸೇರಿಸಿ ಗಾಳಿಗೆ ಎಷ್ಟು ಕಾರ್ಬನ್ ಹೋಯ್ತು, ಎಷ್ಟು ಎನರ್ಜಿ ಆಯ್ತು ಅಂತ ನೋಡೋದು. ಇದಕ್ಕೆ ಐಎಸ್‌ಒ 14040 ಅಂತ ಸ್ಟ್ಯಾಂಡರ್ಡೇ ಇದೆ. ಡೆನ್ಮಾರ್ಕಲ್ಲಂತೂ 2023ರಿಂದ ಸಾವಿರ ಚದರ ಮೀಟರ್ ದಾಟಿದ ಹೊಸ ಬಿಲ್ಡಿಂಗು ಚದರ ಮೀಟರಿಗೆ ವರ್ಷಕ್ಕೆ 12 ಕೆಜಿ ಕಾರ್ಬನ್ ಮೀರೋ ಹಾಗಿಲ್ಲ ಅಂತ ಕಾನೂನೇ ಮಾಡಿದ್ರು.

ಈಗ ನಿಮ್ಮ ಫ್ಲೆಕ್ಸಿನ ಬಿಲ್ಡಿಂಗಿಗೆ ಬರ್ತೀನಿ. ಒಟ್ಟು ಎಂಟು ಸಾವಿರ ಸ್ಕ್ವೇರ್ ಫೀಟ್ ಅಂದ್ಕೊಳ್ಳಿ. ಸೈಟಲ್ಲಿ ಎಲ್ರೂ ಹಾಕೋ ಅಂದಾಜು ಸ್ಕ್ವೇರ್ ಫೀಟಿಗೆ 0.4 ಮೂಟೆ ಸಿಮೆಂಟು, ನಾಲ್ಕು ಕೆಜಿ ಕಬ್ಬಿಣ. ಅಲ್ಲಿಗೆ 3200 ಮೂಟೆ, ಅಂದ್ರೆ 160 ಟನ್ ಸಿಮೆಂಟು, 32 ಟನ್ ಕಬ್ಬಿಣ. ಒಂದು ಟನ್ ಓಪಿಸಿ, ಅಂದ್ರೆ ಬೂದಿ ಬೆರೆಸದ ಮಾಮೂಲಿ ಸಿಮೆಂಟಿಗೆ ಹೆಚ್ಚುಕಮ್ಮಿ 850 ಕೆಜಿ ಕಾರ್ಬನ್ ಡೈ ಆಕ್ಸೈಡು, ಅದ್ರಲ್ಲೂ ಅರ್ಧಕ್ಕಿಂತ ಜಾಸ್ತಿ ಬರೋದು ಕಲ್ಲಿದ್ದಲಿಂದ ಅಲ್ಲ, ಸುಣ್ಣದ ಕಲ್ಲು ಸುಟ್ಟಾಗ ಆ ಕಲ್ಲಿನೊಳಗಿಂದಲೇ ಬರತ್ತೆ, ಸೋಲಾರ್ ಹಾಕಿದ್ರೂ ಅದು ಕಮ್ಮಿ ಆಗಲ್ಲ. ಕಬ್ಬಿಣಕ್ಕೆ ಟನ್ನಿಗೆ ಎರಡೂವರೆ ಟನ್ ಅಂತ ಹಿಡೀರಿ. ಎರಡೂ ಸೇರಿ ಕಾರ್ಬನ್ 200 ಟನ್ ದಾಟತ್ತೆ. ಗಾಜು, ಅಲ್ಯೂಮಿನಿಯಂ, ಟೈಲ್ಸು, ಲಾರಿ ಡೀಸೆಲ್ಲು ಇನ್ನೂ ಸೇರ್ಸಿಲ್ಲ.

ಹೊಸ ಬಿಲ್ಡಿಂಗಲ್ಲಿ ಎಲ್‌ಇಡಿ, ಸೋಲಾರು, ಕರೆಂಟು ಉಳಿಯತ್ತೆ ಅಂತ ನಿಮ್ಮ ಕಡೆಯವ್ರು ಹೇಳಬಹುದು. ಇಪ್ಪತ್ನಾಲ್ಕು ಗಂಟೆ ನಡೆಯೋ ಆಸ್ಪತ್ರೆ ಆಗಿದ್ರೆ ಒಪ್ತಿದ್ದೆ, ಅಲ್ಲಿ ಕಟ್ಟೋವಾಗಿನ ಕಾರ್ಬನ್‌ಗಿಂತ ನಡೆಸೋವಾಗಿಂದೇ ದೊಡ್ಡದು. ಇದು ತಿಂಗಳಿಗೆ ಆರೇಳು ದಿನ ಬಾಗಿಲು ತೆಗೆಯೋ ಭವನ. ಈಗ ನಾಲ್ಕು ಫ್ಯಾನು, ಒಂದಷ್ಟು ಟ್ಯೂಬ್‌ಲೈಟು, ಉಳಿಸೋಕೆ ಏನಿದೆ ಅಲ್ಲಿ? ಇಂಥ ಬಿಲ್ಡಿಂಗಲ್ಲಿ ಕಟ್ಟೋವಾಗ ಹೋಗೋ ಕಾರ್ಬನ್ನೇ ಎಲ್ಲಾ. ಮೇಲಿಂದ ಪಶ್ಚಿಮಕ್ಕೆ ಮುಖ ಮಾಡಿ ಗಾಜು ಹಾಕ್ತಿದೀರ, ಏಪ್ರಿಲ್ಲಲ್ಲಿ ಎಸಿ ಇಲ್ದೆ ಯಾರೂ ಒಳಗೆ ಕೂರಲ್ಲ. ಎಸಿಪಿ ಶೀಟು, ಫಾಲ್ಸ್ ಸೀಲಿಂಗು ಹದಿನೈದಿಪ್ಪತ್ತು ವರ್ಷಕ್ಕೆ ಬದ್ಲಾಯಿಸ್ಬೇಕು, ಅದೂ ಎಲ್‌ಸಿಎ ಲೆಕ್ಕದಲ್ಲಿ ಬರತ್ತೆ, ಟೆಂಡರ್ ಎಸ್ಟಿಮೇಟಲ್ಲಿ ಬರಲ್ಲ, ಅಲ್ಲಿ ಎಲ್ ಒನ್, ಅಂದ್ರೆ ಎಲ್ರಿಗಿಂತ ಕಮ್ಮಿ ರೇಟು ಹಾಕಿದೋರು ಯಾರು ಅಂತ ಮಾತ್ರ.

ಈ ವಿದ್ಯೆ ಹೊರದೇಶದಿಂದ ತರಿಸ್ಬೇಕಾಗಿಲ್ಲ. ನಮ್ಮ ಐಐಎಸ್ಸಿಯಲ್ಲಿ 1974ರಲ್ಲೇ ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ ಅಸ್ತ್ರ ಅನ್ನೋ ಕೇಂದ್ರ ಶುರುವಾಯ್ತು, ಅಲ್ಲಿನ ಬಿ.ವಿ. ವೆಂಕಟರಾಮ ರೆಡ್ಡಿ, ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಲೆಕ್ಕ ಜಗತ್ತೆಲ್ಲಾ ಓದ್ತಾರೆ. ಎಂಟು ಮಾಳಿಗೆಯ ಆರ್‌ಸಿಸಿ ಫ್ರೇಮಿನ, ಅಂದ್ರೆ ಕಾಂಕ್ರೀಟ್ ಕಂಬ ತೊಲೆ ಮೇಲೆ ನಿಂತ ಕಟ್ಟಡ ಕಟ್ಟೋಕೆ ಚದರ ಮೀಟರಿಗೆ 4.21 ಗಿಗಾಜೌಲ್ ಎನರ್ಜಿ, ಎರಡು ಮಾಳಿಗೆ ಮಣ್ಣಿನ ಬ್ಲಾಕಿನ ಮನೆಗೆ 1.61. ನಮ್ಮದು ಎಂಟು ಮಾಳಿಗೆ ಅಲ್ಲ, ಹಾಗಾಗಿ ಅದನ್ನ ಸೀದಾ ಇಲ್ಲಿಗೆ ತಂದು ಅಂಟಿಸಲ್ಲ, ಆದ್ರೆ ಎರಡೇ ಫ್ಲೋರಿಗೆ ಫ್ರೇಮ್ ಯಾಕೆ ಬೇಕು ಅಂತ ಕೇಳೋಕೆ ಅಷ್ಟು ಸಾಕು.

ಕೇಳ್ತಿರೋದು ದೊಡ್ಡದೇನಲ್ಲ. ಗುದ್ದಲಿ ಪೂಜೆ ಒಂದು ತಿಂಗಳು ಮುಂದೆ ಹಾಕಿ. ಬರೀ ರಿಪೇರಿ, ರಿಪೇರಿ ಜೊತೆ ಹಿಂದ್ಗಡೆ ಟಾಯ್ಲೆಟ್ಟು ಅಡುಗೆ ಮನೆ, ಇಲ್ಲಾ ಪೂರ್ತಿ ಹೊಸದು, ಮೂರಕ್ಕೂ ಅಷ್ಟೇ ಜನಕ್ಕೆ ಅಷ್ಟೇ ಐವತ್ತು ವರ್ಷಕ್ಕೆ ಅಂತ ಎಲ್‌ಸಿಎ ಮಾಡ್ಸಿ, ಶೀಟನ್ನ ಫ್ಲೆಕ್ಸ್ ಹಾಕಿರೋ ಜಾಗದಲ್ಲೇ ಅಂಟ್ಸಿ. ವಿಶ್ವ ಬ್ಯಾಂಕ್ ಗುಂಪಿನ ಐಎಫ್‌ಸಿ 2017ರಲ್ಲಿ ನಮ್ಮ ದೇಶದ ಸಿಮೆಂಟು ಇಟ್ಟಿಗೆಗಳದ್ದೇ ಅಂಕಿ ಕೊಟ್ಟಿದೆ, ಗೊತ್ತಿರೋ ಇಂಜಿನಿಯರಿಗೆ ವಾರದ ಕೆಲ್ಸ. ಲೆಕ್ಕ ಹೊಸದೇ ಸರಿ ಅಂತ ಹೇಳಿದ್ರೆ ನಾನೇ ಬಂದು ಚಪ್ಪಾಳೆ ಹೊಡೀತೀನಿ. ಆಗ್ಲೂ ಟೆಂಡರಲ್ಲಿ ಓಪಿಸಿ ಬದ್ಲು ಫ್ಲೈ ಆ್ಯಷ್ (ಕಲ್ಲಿದ್ದಲು ಸುಟ್ಟ ಬೂದಿ) ಇರೋ ಪಿಪಿಸಿ ಸಿಮೆಂಟು ಅಂತ ಒಂದೇ ಲೈನ್ ಬದ್ಲಾಯಿಸಿದ್ರೆ 40 ಟನ್ ಆಸುಪಾಸು ಕಾರ್ಬನ್ ಅಲ್ಲೇ ಇಳಿಯತ್ತೆ. ಸೆಂಟ್ರಿಂಗ್ ಬಿಚ್ಚೋಕೆ ಒಂದಷ್ಟು ದಿನ ಜಾಸ್ತಿ ಕಾಯ್ಬೇಕು, ಕಂಟ್ರಾಕ್ಟರ್ ಗೊಣಗ್ತಾರೆ, ಗೊಣಗ್ಲಿ. ಒಡೆದ ಕಾಂಕ್ರೀಟನ್ನ ಪುಡಿ ಮಾಡಿ ಹೊಸ ಪಿಸಿಸಿಗೆ (ಕಬ್ಬಿಣ ಇಲ್ದ ಕಾಂಕ್ರೀಟಿಗೆ) ಜೆಲ್ಲಿಯಾಗಿ ಹಾಕೋಕೆ ನಮ್ಮ ದೇಶದ ಸ್ಟ್ಯಾಂಡರ್ಡ್ ಐಎಸ್ 383 2016ರಿಂದಲೇ ಒಪ್ಪಿದೆ, ಆದ್ರೂ ನಮ್ಮ ಡೆಬ್ರಿ ರಾತ್ರೋರಾತ್ರಿ ಯಾವ್ದೋ ಕೆರೆ ದಂಡೆ ಸೇರತ್ತೆ.

ಹೈಕೋರ್ಟ್ ಇರೋ ಅಠಾರಾ ಕಚೇರಿನ 1980ರ ದಶಕದಲ್ಲಿ ಒಡೀಬೇಕು ಅಂತ ಸರ್ಕಾರಾನೇ ಹೊರಟಿತ್ತು, ಜನ ಗಲಾಟೆ ಮಾಡಿ ಉಳೀತು. 1868ರ ಕಟ್ಟಡ, ಇವತ್ತಿಗೂ ಒಳಗೆ ಕಲಾಪ ನಡೀತಿದೆ. ನಮ್ಮ ಭವನ ಅಷ್ಟು ಚೆಂದ ಇಲ್ಲ, ಒಪ್ತೀನಿ. ಗೋಡೆ ಮಾತ್ರ ಅಷ್ಟೇ ಗಟ್ಟಿ.

ಬರೋ ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ನಿಮ್ಮ ಇಂಜಿನಿಯರನ್ನ ಕಳ್ಸಿ, ಆದ್ರೆ ನೀವೂ ಬನ್ನಿ. ಟೇಪು, ಪುಸ್ತಕ ನಾನು ತರ್ತೀನಿ. ಹೆಂಚಿನ ಮೇಲೆ ಹತ್ತಿ ನೋಡೋಕೆ ಏಣಿ ಎದುರುಗಡೆ ಹಾರ್ಡ್‌ವೇರ್ ಅಂಗಡಿಯವ್ರ ಹತ್ರ ಕೇಳಿಟ್ಟಿದೀನಿ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು